ಸೋಮನಿಗೆ ಮುಖವಾಡ, ಯಕ್ಷಗಾನಕ್ಕೆ ಬರಿಯ ಬಣ್ಣ: ಹೀಗೇಕೆ?

ಪ್ರಶ್ನೆ: ಬಯಲುಸೀಮೆಯವ
ತುಮಕೂರು ಕಡೆಯ ನಮ್ಮೂರ ಜಾತ್ರೆಯಲ್ಲಿ ಗ್ರಾಮದೇವತೆಯ ಮುಂದೆ ಸೋಮಗಳು ಕುಣಿಯುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಮರದಲ್ಲಿ ಕೆತ್ತಿದ ಆ ದೊಡ್ಡ ಮುಖ, ಅದರ ಸುತ್ತ ಇಳಿಬಿಟ್ಟ ಬಣ್ಣದ ಸೀರೆಗಳು, ಅರೆ ವಾದ್ಯದ ಬಡಿತ ಇವೆಲ್ಲ ಇನ್ನೂ ಕಣ್ಣಿಗೆ ಕಟ್ಟಿದಂತಿವೆ. ಉಡುಪಿಗೆ ಬಂದ ಮೇಲೆ ಪಂಜುರ್ಲಿ ದೈವದ ಕೋಲದಲ್ಲಿ ಹಂದಿಮೋರೆಯ ಲೋಹದ ಮುಖವಾಡವನ್ನು ಕಂಡೆ. ಆದರೆ ಅದೇ ಊರಿನ ಯಕ್ಷಗಾನದಲ್ಲಿ ರಾಕ್ಷಸನಿಗೂ ಮುಖವಾಡವಿಲ್ಲ. ಗಂಟೆಗಟ್ಟಲೆ ಕುಳಿತು ಮುಖದ ಮೇಲೆಯೇ ಚುಟ್ಟಿ (ಅಕ್ಕಿಹಿಟ್ಟು, ಸುಣ್ಣ ಕಲಸಿ ಇಡುವ ಉಬ್ಬಿದ ಬಿಳಿ ಚುಕ್ಕಿಗಳು) ಇಡುತ್ತಾರೆ. ಈ ವ್ಯತ್ಯಾಸಕ್ಕೆ ಕಾರಣವೇನು?

ಉತ್ತರ: ಚೌಕಿಮನೆ
ಮಾತೇ ಕಾರಣವೆಂದು ನನಗನ್ನಿಸುತ್ತದೆ. ಯಕ್ಷಗಾನದಲ್ಲಿ ಭಾಗವತರು ಹಾಡುವ ಪದ ಮುಗಿದೊಡನೆ ಕಲಾವಿದ ಅರ್ಥ ಹೇಳಬೇಕು, ಎದುರಾಳಿಯ ಮಾತಿಗೆ ನಿಂತಲ್ಲೇ ಉತ್ತರ ಕಟ್ಟಬೇಕು. ಹುಬ್ಬು, ಕೆನ್ನೆ, ತುಟಿ ಮೂರೂ ಆಡದಿದ್ದರೆ ವಾದ ಸಪ್ಪೆಯಾಗುತ್ತದೆ. ಜಾರ್ಖಂಡಿನ ಸರಾಯಿಕೆಲಾ ಛೌ ನೃತ್ಯದಲ್ಲಿ ಮಾತಿಲ್ಲ, ಆದ್ದರಿಂದ ಮುಖವಾಡಕ್ಕೆ ಅಡ್ಡಿಯಿಲ್ಲ. ಅದನ್ನು ಕಟ್ಟಿಕೊಂಡರೆ ಉಸಿರಾಟವೇ ಕಷ್ಟವಾಗುವುದರಿಂದ ಅಲ್ಲಿನ ಪ್ರಸಂಗಗಳು ಕೆಲವೇ ನಿಮಿಷಗಳಲ್ಲಿ ಮುಗಿಯುತ್ತವೆ.

ಉತ್ತರ: ಓದುಗ
ಈ ವಾದ ಪೂರ್ತಿ ನಿಲ್ಲುವುದಿಲ್ಲ. ಒಡಿಶಾದ ಮಯೂರ್‌ಭಂಜ್ ಛೌನಲ್ಲಿಯೂ ಮಾತಿಲ್ಲ, ಆದರೂ ಅಲ್ಲಿ ಮುಖವಾಡ ತೊಡುವುದಿಲ್ಲ. ಜಪಾನಿನ ನೋ ನಾಟಕದಲ್ಲಿ ನಟ ಮುಖವಾಡದೊಳಗಿಂದಲೇ ಮಾತನಾಡುತ್ತಾನೆ, ಹಾಡುತ್ತಾನೆ. ಹಿನೋಕಿ ಮರದ ಆ ಮುಖವನ್ನು ಸ್ವಲ್ಪ ಮೇಲೆತ್ತಿದರೆ ನಕ್ಕಂತೆ, ತಗ್ಗಿಸಿದರೆ ಕಳೆಗುಂದಿದಂತೆ ಕಾಣುತ್ತದೆ. ಕಣ್ಣಿನ ರಂಧ್ರಗಳು ಎಷ್ಟು ಚಿಕ್ಕವೆಂದರೆ, ನಟ ರಂಗದ ಮೂಲೆಯ ಕಂಬವೊಂದನ್ನು ಗುರುತಿಟ್ಟುಕೊಂಡು ಹೆಜ್ಜೆ ಹಾಕುತ್ತಾನೆ. ಆ ಕಂಬಕ್ಕೆ ‘ಕಣ್ಣಿಡುವ ಕಂಬ’ ಎಂಬರ್ಥದ ಹೆಸರೇ ಇದೆ.

ಉತ್ತರ: ಗಗ್ಗರ
ಇಬ್ಬರೂ ರಂಗಭೂಮಿಯ ಲೆಕ್ಕದಲ್ಲಿ ನೋಡುತ್ತಿದ್ದೀರಿ. ಕೋಲದಲ್ಲಿ ದೈವ ನುಡಿ ಕೊಡುತ್ತದೆ, ಅಂದರೆ ಅಲ್ಲಿ ಮಾತೂ ಇದೆ, ಮುಖವಾಡವೂ ಇದೆ. ಅರದಾಳದ ಹಳದಿ ಬಳಿದು ಗೆರೆ ಬರೆದು ಸಿದ್ಧಪಡಿಸಿದ ಮುಖದ ಮುಂದೆಯೇ ಲೋಹದ ಮೊಗ ಬರುತ್ತದೆ. ಬಣ್ಣವೇ ಸಾಕೆನ್ನುವುದಾದರೆ ಅದರ ಅಗತ್ಯವೇ ಇರಲಿಲ್ಲ. ಆ ಮೊಗ ಕಲಾವಿದನ ಸ್ವತ್ತಲ್ಲ. ಖಡ್ಗ, ಗಂಟೆಗಳ ಜೊತೆ ದೈವದ ಭಂಡಾರದಲ್ಲಿದ್ದು ವರ್ಷವಿಡೀ ಗೌರವ ಪಡೆಯುವ ವಸ್ತು ಅದು. (ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನ ದೈವಸ್ಥಾನದ ಮರದ ಭೂತಬಿಂಬಗಳನ್ನು ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿ ನೋಡಿದಾಗ, ಅಷ್ಟು ಚೆನ್ನಾಗಿ ಕಾಪಾಡಿದ್ದರೂ, ನನಗೆ ಕಸಿವಿಸಿಯಾಗಿತ್ತು.) ಯಕ್ಷಗಾನದ ಬಣ್ಣವಾದರೋ ಬೆಳಗಾದೊಡನೆ ಎಣ್ಣೆ ಹಚ್ಚಿ ಒರೆಸಿದರೆ ಹೋಯಿತು.

ಬಯಲುಸೀಮೆಯವ
ನಮ್ಮ ಸೋಮನ ಮುಖವೂ ಗುಡಿಯಲ್ಲೇ ಇರುತ್ತದೆ, ಪೂಜೆಯಾದ ಮೇಲಷ್ಟೇ ಹೊರಬರುತ್ತದೆ. ಈಗ ಇನ್ನೊಂದು ಸಂಗತಿ ಹೊಳೆಯಿತು: ಇಲ್ಲಿ ರಾಕ್ಷಸ ರಂಗಕ್ಕೆ ಬಂದರೆ ‘ಬಣ್ಣದ ವೇಷ ಬಂತು’ ಎನ್ನುತ್ತಾರೆ. ನಮ್ಮೂರಲ್ಲಿ ಯಾರೂ ‘ಸೋಮನ ವೇಷ ಬಂತು’ ಎಂದದ್ದನ್ನು ನಾನು ಕೇಳಿಲ್ಲ; ‘ಸೋಮ ಬಂದ, ದಾರಿ ಬಿಡಿ’ ಎನ್ನುತ್ತಾರೆ.