ಸಹಾಯ ಬೇಕು: ಬಿ.ಎಸ್ಸಿ. ಕೊನೆಯ ವರ್ಷದಲ್ಲಿ ವಿಶ್ವವಿದ್ಯಾಲಯ ಬದಲಾವಣೆ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಶಿವಮೊಗ್ಗದಲ್ಲಿ, ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಮತ್ತು ಗಣಿತ ತೆಗೆದುಕೊಂಡು ಬಿ.ಎಸ್ಸಿ. ಓದುತ್ತಿದ್ದು, ನಾಲ್ಕು ಸೆಮಿಸ್ಟರ್‌ಗಳನ್ನು ಯಾವ ಬಾಕಿಯೂ ಇಲ್ಲದೆ ಮುಗಿಸಿದ್ದಾಳೆ. ತಂದೆಯವರ ಚಿಕಿತ್ಸೆಗಾಗಿ ಮನೆಯವರೆಲ್ಲ ಮೈಸೂರಿಗೆ ಬಂದು ನೆಲೆಸಬೇಕಾಗಿರುವುದರಿಂದ, ಐದನೆಯ ಸೆಮಿಸ್ಟರ್‌ಗೆ ಅವಳನ್ನು ಮೈಸೂರು ವಿಶ್ವವಿದ್ಯಾಲಯದ ಕಾಲೇಜಿಗೆ ಸೇರಿಸಲು ಸಾಧ್ಯವೇ ಎಂದು ತಿಳಿಯಬೇಕಾಗಿದೆ.

ವರ್ಗಾವಣೆ ಪತ್ರ, ನಿರಾಕ್ಷೇಪಣಾ ಪತ್ರ, ಮೈಗ್ರೇಷನ್ ಸರ್ಟಿಫಿಕೇಟ್ ಮುಂತಾದವನ್ನು ಹೇಗೋ ಹೊಂದಿಸಿಕೊಳ್ಳಬಹುದು. ನಿಜವಾದ ಆತಂಕವಿರುವುದು ಪಠ್ಯಕ್ರಮದ ವಿಷಯದಲ್ಲಿ. 2024-25ರಿಂದ ರಾಜ್ಯದಲ್ಲಿ ಮೂರು ವರ್ಷದ ಪದವಿ ಮರಳಿ ಬಂದಿದ್ದರೂ, ಆಯಾ ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿಯೇ ಪತ್ರಿಕೆಗಳನ್ನು ನಿರ್ಧರಿಸುವುದರಿಂದ, ಅಲ್ಲಿ ಈಗಾಗಲೇ ಓದಿದ್ದು ಇಲ್ಲಿ ಮತ್ತೆ ಬರಬಹುದು, ಇಲ್ಲಿ ಕಡ್ಡಾಯವಾದದ್ದು ಅಲ್ಲಿ ಇಲ್ಲದೆಯೇ ಹೋಗಿರಬಹುದು. ಇದಕ್ಕಿಂತ ಗಂಭೀರವಾದದ್ದೆಂದರೆ, ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2021ರ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ (ವಿದ್ಯಾರ್ಥಿ ಗಳಿಸಿದ ಕ್ರೆಡಿಟ್‌ಗಳನ್ನು, ಅಂದರೆ ಪತ್ರಿಕೆಗಳಿಗೆ ನಿಗದಿಯಾದ ಅಂಶಗಳನ್ನು, ಜಮೆ ಇಡುವ ವ್ಯವಸ್ಥೆ) ನಿಯಮಾವಳಿಯ ಪ್ರಕಾರ ಪದವಿ ನೀಡುವ ಸಂಸ್ಥೆಯಲ್ಲಿಯೇ ಕನಿಷ್ಠ ಶೇ. 50ರಷ್ಟು ಕ್ರೆಡಿಟ್ ಗಳಿಸಿರಬೇಕು. ಅವಳಿಗೆ ಉಳಿದಿರುವುದಾದರೋ ಆರರಲ್ಲಿ ಎರಡೇ ಸೆಮಿಸ್ಟರ್.

ಮೂರನೆಯ ವರ್ಷದಲ್ಲಿ ಹೀಗೆ ವರ್ಗಾವಣೆ ಪಡೆದವರು ಅಥವಾ ಕಾಲೇಜು ಕಚೇರಿಯಲ್ಲಿ ಇಂಥ ಅರ್ಜಿಗಳನ್ನು ನೋಡಿದವರು ದಯವಿಟ್ಟು ತಿಳಿಸಿ: ಮೊದಲು ಹೊಸ ಕಾಲೇಜಿನ ಪ್ರಾಂಶುಪಾಲರ ಒಪ್ಪಿಗೆ ಪಡೆಯಬೇಕೇ, ಇಲ್ಲವೇ ನೇರವಾಗಿ ಕುಲಸಚಿವರಿಗೆ ಅರ್ಜಿ ಸಲ್ಲಿಸಬೇಕೇ? ವ್ಯತ್ಯಾಸವಿರುವ ಪತ್ರಿಕೆಗಳನ್ನು ಹೆಚ್ಚುವರಿಯಾಗಿ ಬರೆಯಲು ಅವಕಾಶ ಕೊಡುತ್ತಾರೆಯೇ? ಯುಯುಸಿಎಂಎಸ್‌ನಲ್ಲಿರುವ (ರಾಜ್ಯದ ವಿಶ್ವವಿದ್ಯಾಲಯ-ಕಾಲೇಜುಗಳ ಏಕೀಕೃತ ಆನ್‌ಲೈನ್ ವ್ಯವಸ್ಥೆ) ಅವಳ ದಾಖಲೆಯನ್ನು ಯಾರು ವರ್ಗಾಯಿಸಬೇಕು? ತುಂಬ ಆಸಕ್ತಿಯಿಂದ ಓದುವ ಹುಡುಗಿ. ಎರಡು ವರ್ಷದ ಶ್ರಮ ಕೈಬಿಟ್ಟು ಮತ್ತೆ ಮೊದಲಿನಿಂದ ಆರಂಭಿಸುವಂತೆ ಆಗಬಾರದೆಂಬುದೇ ನಮ್ಮ ಕಳಕಳಿ. ವರ್ಗಾವಣೆ ಸಾಧ್ಯವೇ ಇಲ್ಲವೆಂದಾದರೆ ಅದನ್ನೂ ಸ್ಪಷ್ಟವಾಗಿ ಹೇಳಿ. ತರಗತಿಗಳು ಆರಂಭವಾಗುವುದರೊಳಗೆ ಶಿವಮೊಗ್ಗದಲ್ಲಿ ಹಾಸ್ಟೆಲ್ ಹುಡುಕಬೇಕಾಗುತ್ತದೆ.