ಹಳೆಯ 328ಐಗೆ ಡಿಫರೆನ್ಷಿಯಲ್ ಆಯಿಲ್ ಬದಲಾಯಿಸಬೇಕಾ? ಮಾಡಿದವರು ಹೇಳಿ

ಕುಂಬಳೆಯಿಂದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಕೊಚ್ಚಿಯಿಂದ ಒಂದು ಸೆಕೆಂಡ್ ಹ್ಯಾಂಡ್ ಬಿಎಂಡಬ್ಲ್ಯೂ 328ಐ ತಗೊಂಡಿದ್ದೇನೆ. 2013ರ ಮಾಡೆಲ್, ಎಫ್30 ಪೀಳಿಗೆಯದ್ದು. 92 ಸಾವಿರ ಕಿಲೋಮೀಟರ್ ಓಡಿದೆ. ಎಂಜಿನ್ ಆಯಿಲ್, ಬ್ರೇಕ್ ಆಯಿಲ್, ಕೂಲೆಂಟ್ ಎಲ್ಲ ಹೊಸದು ಹಾಕಿಸಿದೆ. ಹಿಂದಿನ ಡಿಫರೆನ್ಷಿಯಲ್ (ಎಂಜಿನ್ ಬಲವನ್ನು ಎರಡೂ ಹಿಂದಿನ ಚಕ್ರಗಳಿಗೆ ಹಂಚುವ ಗೇರ್‌ಗಳ ಪೆಟ್ಟಿಗೆ) ಆಯಿಲ್ ಕೇಳಿದರೆ ವರ್ಕ್‌ಶಾಪಿನವರು "ಅದು ಲೈಫ್‌ಟೈಮ್, ಮುಟ್ಟುವುದೇ ಬೇಡ" ಅಂತಾರೆ. ವೇಗ 80 ದಾಟಿದ ಮೇಲೆ ಹಿಂದಿನಿಂದ ಸಣ್ಣಗೆ ಗುಂಯ್ ಅನ್ನುವ ಸದ್ದು ಬರುತ್ತದೆ. ಆಯಿಲ್ ಬದಲಾಯಿಸಬೇಕಾ? ಯಾವುದು ಹಾಕಬೇಕು? ಮನೆಯಲ್ಲೇ ಮಾಡಬಹುದಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಬದಿಯಡ್ಕದಿಂದ ಉತ್ತರ:

ಬದಲಾಯಿಸಿ ಮಾರಾಯ್ರೆ. ಎರಡು ಯೋಚನೆ ಬೇಡ. ನನ್ನದು ನಿಮ್ಮದಕ್ಕಿಂತ ಹಿಂದಿನ ಪೀಳಿಗೆಯ ಇ90 325ಐ. ಅದಕ್ಕೂ ನಾನೇ ಮಾಡಿದ್ದೇನೆ, ಇಲ್ಲಿನ ಗೆಳೆಯರ ಕಾರುಗಳಿಗೂ ಮಾಡಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕಂದ್ರೆ ಈ ಕೆಲಸದಲ್ಲಿ ಸ್ಪ್ಯಾನರ್ ತಿರುಗಿಸುವುದಕ್ಕಿಂತ ಮೊದಲು ತಿಳಿದುಕೊಳ್ಳಬೇಕಾದದ್ದೇ ಜಾಸ್ತಿ.

ಮೊದಲು ಆ ಲೈಫ್‌ಟೈಮ್ ಮಾತು. ಡಿಫರೆನ್ಷಿಯಲ್ ಒಳಗೆ ಪೆಟ್ರೋಲ್ ಉರಿಯುವುದಿಲ್ಲ, ಮಸಿ ಇಲ್ಲ. ಹಾಗಾಗಿ ಎಣ್ಣೆ ಎಂಜಿನ್ ಆಯಿಲ್‌ಗಿಂತ ತುಂಬಾ ಕಾಲ ಬಾಳುತ್ತದೆ ಅನ್ನುವುದು ನಿಜ. ಆದರೆ ಎಂಜಿನ್‌ಗೆ ಫಿಲ್ಟರ್ ಇದೆ, ಡಿಫರೆನ್ಷಿಯಲ್‌ಗೆ ಇಲ್ಲ. ಗೇರ್ ಹಲ್ಲು ಸವೆದು ಉದುರಿದ ಲೋಹದ ಪುಡಿ ಅದೇ ಎಣ್ಣೆಯಲ್ಲಿ ಸುತ್ತುತ್ತಲೇ ಇರುತ್ತದೆ, ಬೇರಿಂಗ್‌ಗಳ ಒಳಗೂ ಹೋಗುತ್ತದೆ. ಇದೇ ಕಂಪನಿ ತನ್ನ ಎಂ ಹೆಸರಿನ ಸ್ಪೋರ್ಟ್ಸ್ ಕಾರುಗಳಿಗೆ ಮೊದಲ 2000 ಕಿಲೋಮೀಟರ್‌ಗೇ ಡಿಫರೆನ್ಷಿಯಲ್ ಆಯಿಲ್ ಬದಲಾಯಿಸಲು ಹೇಳುತ್ತಾ ಬಂದಿದೆ. ಹೊಸ ಹಲ್ಲುಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ಪುಡಿ ಜಾಸ್ತಿ ಬೀಳುತ್ತದೆ ಎಂದೇ ಅದು. ನಿಮ್ಮ ಕಾರಿನಲ್ಲೂ ಆ ಪುಡಿ ಬಿದ್ದಿರುತ್ತದೆ. ಯಾರೂ ಬದಲಾಯಿಸಿಲ್ಲ ಅಂದ್ರೆ ಇನ್ನೂ ಒಳಗೇ ಇದೆ.

ಎಣ್ಣೆ ಯಾಕೆ ಸರಿಯಾದದ್ದೇ ಇರಬೇಕು ಅನ್ನುವುದನ್ನೂ ಹೇಳುತ್ತೇನೆ. ಎಂಜಿನ್‌ನಿಂದ ಬರುವ ಉದ್ದದ ಶಾಫ್ಟಿನ ತಿರುಗುವಿಕೆ ಇಲ್ಲಿ ಅಡ್ಡಕ್ಕೆ ತಿರುಗಿ ಎರಡು ಚಕ್ರಗಳಿಗೆ ಹೋಗುತ್ತದೆ. ಪಿನಿಯನ್ನಿನ (ಶಾಫ್ಟಿನ ತುದಿಯ ಸಣ್ಣ ಗೇರ್) ನಡುಗೆರೆ ಕ್ರೌನ್‌ನ (ಅದು ತಿರುಗಿಸುವ ದೊಡ್ಡ ಗೇರ್) ನಡುಗೆರೆಗೆ ಸರಿಯಾಗಿ ಇರುವುದಿಲ್ಲ, ಸ್ವಲ್ಪ ಕೆಳಗೆ ಸರಿದಿರುತ್ತದೆ. ಇದೇ ಹೈಪಾಯ್ಡ್ ಗೇರ್. ಸದ್ದು ಕಮ್ಮಿ, ಬಲ ಜಾಸ್ತಿ. ಆದರೆ ಹಲ್ಲುಗಳು ಬರೀ ಉರುಳುವುದಿಲ್ಲ, ಒತ್ತಿಕೊಂಡು ಜಾರುತ್ತವೆ. ಆ ಒತ್ತಡಕ್ಕೆ ಮಾಮೂಲಿ ಎಣ್ಣೆಯ ಪದರ ನಿಲ್ಲುವುದಿಲ್ಲ. ಅದಕ್ಕೇ ಗಂಧಕ, ರಂಜಕ ಸೇರಿದ ಅಂಶಗಳನ್ನು ಬೆರೆಸಿರುತ್ತಾರೆ. ಬಾಟಲಿ ತೆರೆದ ಕೂಡಲೇ ಮೂಗಿಗೆ ಹೊಡೆಯುವ ವಾಸನೆ ಆ ಗಂಧಕದ್ದೇ. ಬಾಟಲಿಯ ಮೇಲೆ ಗೇರ್ ಎಣ್ಣೆಯ ದರ್ಜೆ ಜಿಎಲ್-5 ಎಂದು ಇರಲೇಬೇಕು. ಜಿಎಲ್-4 ಇಲ್ಲಿ ಸಾಲದು. ಹಾಗಂತ ಉಳಿದ ಜಿಎಲ್-5 ಅನ್ನು ಮನೆಯ ಇನ್ನೊಂದು ಕಾರಿನ ಮ್ಯಾನುವಲ್ ಗೇರ್‌ಬಾಕ್ಸಿಗೆ ಸುರಿಯಬೇಡಿ. ಜಿಎಲ್-4 ಕೇಳುವ ಗೇರ್‌ಬಾಕ್ಸಿನಲ್ಲಿ ಗೇರ್ ಸಲೀಸಾಗಿ ಬೀಳಿಸುವ ಹಿತ್ತಾಳೆಯ ಸಿಂಕ್ರೋ ರಿಂಗ್‌ಗಳನ್ನು ಅದು ಕೆಡಿಸಬಹುದು.

ಅಂಗಡಿಗೆ ಹೋಗಿ "ಹೌಸಿಂಗ್ ಆಯಿಲ್ ಕೊಡಿ" ಅಂದ್ರೆ 90 ನಂಬರ್ ಗೇರ್ ಆಯಿಲ್ ಕೈಗೆ ಬರುತ್ತದೆ. ಜೀಪು, ಪಿಕಪ್‌ಗಳಿಗೆ ಅದು ಸರಿ ಇರಬಹುದು, ನಿಮ್ಮ ಕಾರಿಗೆ ಬೇಡ. ನಿಮಗೆ ಬೇಕಾದದ್ದು ಪೂರ್ತಿ ಸಿಂಥೆಟಿಕ್. ನನ್ನ ಇ90ಯ ಕಾಲದಲ್ಲಿ ಮಾಮೂಲಿ ಓಪನ್ ಡಿಫರೆನ್ಷಿಯಲ್‌ಗೆ (ಒಂದು ಚಕ್ರ ಜಾರಿದರೆ ತಡೆಯುವ ವ್ಯವಸ್ಥೆ ಇಲ್ಲದ್ದು) ಕ್ಯಾಸ್ಟ್ರಾಲ್‌ನ ಎಸ್‌ಎಎಫ್-ಎಕ್ಸ್‌ಒ 75ಡಬ್ಲ್ಯೂ-90 ಇತ್ತು. ಎಂ ಕಾರುಗಳ ಲಿಮಿಟೆಡ್ ಸ್ಲಿಪ್‌ಗೆ (ಒಂದೇ ಚಕ್ರ ಜಾರಿ ಸುತ್ತುವುದನ್ನು ತಡೆಯುವ ಡಿಫರೆನ್ಷಿಯಲ್) ಎಸ್‌ಎಎಫ್-ಎಕ್ಸ್‌ಜೆ 75ಡಬ್ಲ್ಯೂ-140. ಎರಡೂ ಬೇರೆ ಬೇರೆ, ಅದಲು ಬದಲು ಮಾಡಬಾರದು. ನಿಮ್ಮ 328ಐಯಲ್ಲಿ ಕಂಪನಿಯಿಂದ ಬಂದದ್ದು ಓಪನ್ ಡಿಫರೆನ್ಷಿಯಲ್. ಹಿಂದಿನ ಮಾಲೀಕರು ಏನಾದರೂ ಬದಲಾಯಿಸಿದ್ದಾರಾ ಅಂತ ಒಮ್ಮೆ ಕೇಳಿ. ಆಮೇಲೆ ಚಾಸಿ ನಂಬರಿನ ಕೊನೆಯ 7 ಅಕ್ಷರ ಕೊಟ್ಟು ಮಂಗಳೂರು ಅಥವಾ ಕೊಚ್ಚಿಯ ಪಾರ್ಟ್ಸ್ ಕೌಂಟರ್‌ನಲ್ಲಿ ನಿಮ್ಮ ಡಿಫರೆನ್ಷಿಯಲ್‌ಗೆ ಯಾವ ಎಣ್ಣೆ ಎಂದು ಬರೆಸಿಕೊಳ್ಳಿ. ಹಿಡಿಯುವುದು ಸುಮಾರು ಒಂದು ಲೀಟರ್. ಎರಡು ಬಾಟಲಿ ತಂದಿಡಿ, ಅರ್ಧಕ್ಕೆ ನಿಲ್ಲುವ ಹಾಗೆ ಆಗಬಾರದು. ಎಣ್ಣೆ ತೂತು ಮುಚ್ಚುವ ಪ್ಲಗ್ ಕೂಡ ಹೊಸದು ತನ್ನಿ. ಅದರ ಸೀಲ್ ಒಮ್ಮೆ ಒತ್ತಿದ ಮೇಲೆ ಮತ್ತೆ ನಂಬುವಂಥದ್ದಲ್ಲ.

ಈಗ ಕೆಲಸ. ಎಣ್ಣೆ ಬೆಚ್ಚಗಿರಬೇಕು. ಕಾಸರಗೋಡಿನ ತನಕ ಹೋಗಿ ಬಂದರೆ ಸಾಕು. ಸೈಲೆನ್ಸರ್ ಪೈಪ್ ಹತ್ತಿರವೇ ಇದೆ, ಅದು ಆರುವವರೆಗೆ ಕೈ ಹಾಕಬೇಡಿ. ಕಾರನ್ನು ನಾಲ್ಕೂ ಕಡೆ ಸಮವಾಗಿ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಬೇಕು. ಹಿಂಭಾಗ ಮಾತ್ರ ಎತ್ತಿದರೆ ಎಣ್ಣೆ ಮುಂದಕ್ಕೆ ಸರಿದು ಮಟ್ಟ ತಪ್ಪಾಗಿ ಕಾಣುತ್ತದೆ, ನೀವು ಜಾಸ್ತಿ ಹಾಕಿಬಿಡುತ್ತೀರಿ. ಜಾಸ್ತಿಯಾದರೆ ನೊರೆ ಬರುತ್ತದೆ, ಸೀಲ್ ಸಂದಿಯಿಂದ ಹೊರಗೆ ಬರಲು ದಾರಿ ಹುಡುಕುತ್ತದೆ. ನಮ್ಮ ಮನೆಗಳಲ್ಲಿ ಸಮತಟ್ಟು ಜಾಗ ಅಂದ್ರೆ ಅಡಿಕೆ ಒಣಗಿಸುವ ಅಂಗಳ. ಸಿಮೆಂಟ್ ಹಾಕಿದ ಅಂಗಳವಾದರೆ ಸರಿ. ಮಣ್ಣಿನ ಅಂಗಳದಲ್ಲಿ ಸ್ಟ್ಯಾಂಡ್ ಹೂತು ಹೋಗುತ್ತದೆ, ಅಲ್ಲಿ ಬೇಡವೇ ಬೇಡ. ಬರೀ ಜ್ಯಾಕ್ ಮೇಲೆ ನಿಂತ ಕಾರಿನ ಅಡಿಗೆ ಯಾರೂ ಹೋಗಬಾರದು. ಕೆಳಗೆ ದಪ್ಪ ಟಾರ್ಪಾಲ್ ಹಾಸಿ. ಆ ವಾಸನೆ ಅಂಗಳಕ್ಕೆ ಹಿಡಿದರೆ ತಿಂಗಳುಗಟ್ಟಲೆ ಬಿಡುವುದಿಲ್ಲ.

ಇದೊಂದು ಮಾತು ಮಾತ್ರ ಮರೆಯಬೇಡಿ: ತುಂಬಿಸುವ ಪ್ಲಗ್ ಮೊದಲು ತೆರೆಯಿರಿ. ಅದು ಮೇಲೆ ಇರುತ್ತದೆ. ಇಷ್ಟು ವರ್ಷ ಯಾರೂ ಮುಟ್ಟದ ಪ್ಲಗ್ ಕೆಲವೊಮ್ಮೆ ಬಿಗಿದುಕೊಂಡಿರುತ್ತದೆ. ಕೆಳಗಿನದ್ದು ತೆರೆದು ಎಣ್ಣೆಯೆಲ್ಲ ಇಳಿಸಿ, ಆಮೇಲೆ ಮೇಲಿನದ್ದು ತಿರುಗದಿದ್ದರೆ ಕಾರು ಅಲ್ಲೇ ಕೂರುತ್ತದೆ. ಟೋ ಮಾಡಿಸಬೇಕು. ಇ90ಯಲ್ಲಿ 14 ಎಂಎಂ ಅಲನ್ ಸಾಕೆಟ್ ಬೇಕಾಗಿತ್ತು, ಡಿಫರೆನ್ಷಿಯಲ್ ಬದಲಾದ ಹಾಗೆ ಅಳತೆಯೂ ಬದಲಾಗುತ್ತದೆ. ಅಡಿಗೆ ಹೋಗಿ ಅಳತೆ ನೋಡಿಕೊಂಡೇ ಸಾಕೆಟ್ ತನ್ನಿ. ಕೆಲವದರಲ್ಲಿ ಕೆಳಗಿನ ಡ್ರೇನ್ ಪ್ಲಗ್ ಇರುವುದೇ ಇಲ್ಲ. ಆಗ ಮೇಲಿನ ತೂತಿನಿಂದ ಪೈಪ್ ಇಳಿಸಿ ಕೈಪಂಪಿನಲ್ಲಿ ಎಳೆಯಬೇಕು. ಪೈಪನ್ನು ಅತ್ತಿತ್ತ ಸರಿಸುತ್ತಾ ತಳ ಮುಟ್ಟಿಸಿ ಎಳೆಯಿರಿ, ಅವಸರ ಬೇಡ. ಎಳೆದದ್ದನ್ನು ಅಳೆದು ಇಡಿ. ಒಂದು ಲೀಟರ್ ಹಿಡಿಯುವುದರಲ್ಲಿ ಅರ್ಧ ಲೀಟರ್ ಬಂದರೆ, ಒಂದೋ ತಳದಲ್ಲಿ ಉಳಿದಿದೆ, ಇಲ್ಲ ಎಲ್ಲೋ ಸೋರುತ್ತಿದೆ.

ಹೊರಬಂದ ಎಣ್ಣೆಯನ್ನು ದಯವಿಟ್ಟು ನೋಡದೆ ಬಿಡಬೇಡಿ. ನನ್ನ ಮಟ್ಟಿಗೆ ಇಡೀ ಕೆಲಸದ ಅರ್ಧ ಪ್ರಯೋಜನ ಇದೇ. ಬಿಳಿ ಪ್ಲಾಸ್ಟಿಕ್ ಬೋಗುಣಿಯಲ್ಲಿ ಹಿಡಿದು ಬಿಸಿಲಿಗೆ ಇಡಿ. ಕಪ್ಪಾಗಿದ್ದರೆ ಗಾಬರಿ ಬೇಡ. ಪ್ಲಗ್‌ನ ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ನುಣ್ಣನೆ ಲೇಪ ಇದ್ದರೂ ಅದು ಸಹಜ. ಬೆರಳಲ್ಲಿ ಉಜ್ಜಿದಾಗ ಚುಚ್ಚುವ ಚೂರು, ಸಿಪ್ಪೆ ಥರದ ಲೋಹ ಸಿಕ್ಕಿದರೆ ಮಾತ್ರ ನಿಲ್ಲಿಸಿ, ಫೋಟೋ ತೆಗೆದು ತಿಳಿದವರಿಗೆ ತೋರಿಸಿ. ಹಾಲು ಬೆರೆಸಿದ ಚಹಾದ ಬಣ್ಣ ಕಂಡರೆ ನೀರು ಹೋಗಿದೆ. ನಮ್ಮಲ್ಲಿ ಇದಕ್ಕೆ ಕಾರಣ ಹುಡುಕಬೇಕಿಲ್ಲ. ಜೂನ್, ಜುಲೈಯಲ್ಲಿ ಹೈವೇ ಕೆಲಸ ನಡೆಯುವ ಕಡೆ ನೀರು ಹೇಗೆ ನಿಲ್ಲುತ್ತದೆ ಅಂತ ನಿಮಗೇ ಗೊತ್ತಲ್ವಾ. ಬಿಸಿಯಾದ ಡಿಫರೆನ್ಷಿಯಲ್ ಆ ನೀರಿಗೆ ಇಳಿದು ಒಮ್ಮೆಲೇ ತಣ್ಣಗಾದರೆ ಒಳಗಿನ ಗಾಳಿ ಕುಗ್ಗಿ ಹೊರಗಿನದ್ದನ್ನು ಎಳೆದುಕೊಳ್ಳುತ್ತದೆ.

ಹೊಸ ಎಣ್ಣೆಯನ್ನು ಮೇಲಿನ ತೂತಿನಿಂದ ಮೆಲ್ಲಗೆ ತುಂಬಿಸಿ. ತೂತಿನ ಅಂಚಿಗೆ ಬಂದು ಹನಿಯಲು ಶುರುವಾದಾಗ ನಿಲ್ಲಿಸಿ. ಐದು ನಿಮಿಷ ಬಿಟ್ಟು ಮತ್ತೊಮ್ಮೆ ನೋಡಿ, ಇಳಿದಿದ್ದರೆ ಸ್ವಲ್ಪ ಹಾಕಿ. ಪ್ಲಗ್ ಬಿಗಿಯುವಾಗ ಮ್ಯಾನುವಲ್‌ನಲ್ಲಿ ಹೇಳಿದ ಟಾರ್ಕ್‌ಗೇ ನಿಲ್ಲಬೇಕು. ಅತಿ ಬಿಗಿದರೆ ಥ್ರೆಡ್ ಹೋಗುತ್ತದೆ.

ಹಳೆ ಎಣ್ಣೆಯನ್ನು ತೋಟದ ಮೂಲೆಗೆ ಸುರಿಯಬೇಡಿ. ನಾವು ಕುಡಿಯುವ ನೀರು ಬಾವಿಯದ್ದು, ನೀರಿಗಾಗಿ ಗುಡ್ಡ ಕೊರೆದ ಸುರಂಗದ್ದು. ಮುರಕಲ್ಲಿನ ಗುಡ್ಡದಲ್ಲಿ ಮೇಲೆ ಸುರಿದದ್ದು ಕೆಳಗಿನ ಮನೆಯವರ ಸುರಂಗಕ್ಕೆ ಇಳಿಯಲು ಹೊತ್ತು ಬೇಡ. ಖಾಲಿ ಬಾಟಲಿಗೇ ತುಂಬಿಸಿ ಯಾವುದಾದರೂ ಗ್ಯಾರೇಜಿನ ಹಳೆ ಎಣ್ಣೆ ಡ್ರಮ್ಮಿಗೆ ಕೊಡಿ.

ಗುಂಯ್ ಸದ್ದಿನ ಬಗ್ಗೆ ಈಗಲೇ ಏನೂ ಹೇಳಲಾರೆ. ಎಣ್ಣೆ ನೋಡಿದ ಮೇಲೆ ಬರೆಯಿರಿ.

ಹೊಸೂರಿನಿಂದ:

ಬದಿಯಡ್ಕದ ಅಣ್ಣ ಬರೆದದ್ದಕ್ಕೆ ಟ್ರ್ಯಾಕ್ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ನನ್ನದು ಎಂ2 ಕಾಂಪಿಟಿಷನ್. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕಿಗೂ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೂ ಹೋಗುತ್ತಿರುತ್ತೇನೆ. ಅಲ್ಲಿ ಎಲ್ಲರೂ ಎಂಜಿನ್ ಆಯಿಲ್, ಬ್ರೇಕ್ ಫ್ಲೂಯಿಡ್ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ಡಿಫರೆನ್ಷಿಯಲ್ ಹೆಸರು ಯಾರೂ ಎತ್ತುವುದಿಲ್ಲ. ಲಿಮಿಟೆಡ್ ಸ್ಲಿಪ್‌ನಲ್ಲಿ ಗೇರ್ ಹಲ್ಲಿನ ಜೊತೆ ಕ್ಲಚ್ ಪ್ಲೇಟ್‌ಗಳೂ ಅದೇ ಎಣ್ಣೆಯಲ್ಲಿ ಉಜ್ಜುತ್ತವೆ. ಬಿಸಿಯೂ ಜಾಸ್ತಿ, ಕೊಳೆಯೂ ಜಾಸ್ತಿ. ಟ್ರ್ಯಾಕಿಗೆ ಹೋಗುವ ಕಾರಿಗೆ ನಾನು ವರ್ಷಕ್ಕೊಮ್ಮೆ ಬದಲಾಯಿಸುತ್ತೇನೆ. ಹೊರಬರುವ ಎಣ್ಣೆಯ ಸುಟ್ಟ ವಾಸನೆ ನೋಡಿದರೆ ಅದು ಅತಿ ಅನಿಸುವುದಿಲ್ಲ. ಬರೀ ರಸ್ತೆಯ ಕಾರಾದರೆ 60ರಿಂದ 80 ಸಾವಿರ ಕಿಲೋಮೀಟರ್‌ಗೆ ಒಮ್ಮೆ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಕ್ಲಚ್ ಪ್ಲೇಟ್ ಇರುವ ಲಿಮಿಟೆಡ್ ಸ್ಲಿಪ್‌ಗೆ ಫ್ರಿಕ್ಷನ್ ಮಾಡಿಫೈಯರ್ (ಪ್ಲೇಟ್‌ಗಳು ತಡೆತಡೆದು ಹಿಡಿಯದೆ ನಯವಾಗಿ ಜಾರಲು ಬೆರೆಸುವ ಅಂಶ) ಬೇಕು. ಕೆಲವು ಎಣ್ಣೆಯಲ್ಲಿ ಮೊದಲೇ ಬೆರೆಸಿರುತ್ತಾರೆ, ಕೆಲವದಕ್ಕೆ ಬೇರೆ ಬಾಟಲಿ ಹಾಕಬೇಕು. ಅದಿಲ್ಲದಿದ್ದರೆ ನಿಧಾನಕ್ಕೆ ಪೂರ್ತಿ ಸ್ಟಿಯರಿಂಗ್ ತಿರುಗಿಸಿ ಪಾರ್ಕ್ ಮಾಡುವಾಗ ಹಿಂದಿನಿಂದ ಗಡಗಡ ಎಂದು ನಡುಗುತ್ತದೆ. ಹೊಸ ಎಣ್ಣೆ ಹಾಕಿದ ಮೇಲೆ ಖಾಲಿ ಮೈದಾನದಲ್ಲಿ ನಿಧಾನವಾಗಿ ಎಂಟರ ಆಕಾರದಲ್ಲಿ ಸುತ್ತಿಸಿ, ಪ್ಲೇಟ್‌ಗಳ ನಡುವೆ ಎಣ್ಣೆ ಸೇರುತ್ತದೆ. ಟಾರ್ಸನ್ ಥರದ ಬರೀ ಗೇರ್‌ಗಳ ಲಿಮಿಟೆಡ್ ಸ್ಲಿಪ್‌ಗೆ ಈ ಮಾಡಿಫೈಯರ್ ಬೇಕಿಲ್ಲ.

ಉಪ್ಪಳದಿಂದ:

ನನ್ನ ಹತ್ತಿರ ಪೋಲೋ ಜಿಟಿ ಟಿಎಸ್‌ಐ ಇದೆ. ನಾನೂ ಡಿಫರೆನ್ಷಿಯಲ್ ಆಯಿಲ್ ಬದಲಾಯಿಸಬೇಕಾ?

ಹೊಸೂರಿನಿಂದ:

ಬೇರೆಯಾಗಿ ಬೇಡ. ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಡಿಫರೆನ್ಷಿಯಲ್ ಗೇರ್‌ಬಾಕ್ಸಿನ ಒಳಗೇ ಇರುತ್ತದೆ. ಗೇರ್ ಆಯಿಲ್ ಬದಲಾಯಿಸಿದರೆ ಅದರದ್ದೂ ಆಯಿತು. ಆಕ್ಟೇವಿಯಾ ಆರ್‌ಎಸ್ 245 ಇಟ್ಟುಕೊಂಡವರು ಮಾತ್ರ ನೆನಪಿಡಿ. ಅದು ಮುಂದಿನ ಚಕ್ರದ ಕಾರೇ, ಆದರೆ ಅದರ ಎಲೆಕ್ಟ್ರಾನಿಕ್ ಲಿಮಿಟೆಡ್ ಸ್ಲಿಪ್‌ನ ಕ್ಲಚ್‌ಗೆ ಪ್ರತ್ಯೇಕ ಎಣ್ಣೆ ಇದೆ.

ಅಕ್ಕಲಕೋಟೆಯಿಂದ:

ನಮ್ದು ಸ್ಪೋರ್ಟ್ಸ್ ಕಾರ್ ಅಲ್ಲರೀ, ಸ್ಕಾರ್ಪಿಯೋ. ಆದರೂ ಒಂದು ಮಾತು. ಡಿಫರೆನ್ಷಿಯಲ್ ಮ್ಯಾಲೆ ಗಾಳಿ ಬಿಡೋ ಸಣ್ಣ ಬ್ರೀದರ್ ಇರ್ತದ. ನಮ್ಮ ಸೋಲಾಪುರ ಕಡೆ ಬ್ಯಾಸಿಗಿ ಬಿಸಿಲು 40 ಡಿಗ್ರಿ ದಾಟ್ತದ, ಧೂಳು ಬ್ಯಾರೆ. ಬ್ರೀದರ್ ಕಟ್ಟಿತು ಅಂದ್ರ ಒಳಗಿನ ಒತ್ತಡಕ್ಕ ಎಣ್ಣಿ ಸೀಲ್ ದಾಟಿ ಹಿಂದಿನ ಬ್ರೇಕ್ ಡ್ರಮ್ಮಿಗೆ ಇಳೀತದ. ಸೀಲ್ ಮ್ಯಾಲೆ ಸೀಲ್ ಹಾಕಿದರೂ ನಿಲ್ಲಂಗಿಲ್ಲ. ಎಣ್ಣಿ ಬದಲಿ ಮಾಡಿದಾಗೆಲ್ಲ ಬ್ರೀದರ್ ಸ್ವಚ್ಛ ಮಾಡ್ರಿ.

ಕುಂಬಳೆಯಿಂದ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈ ಭಾನುವಾರ ಕೆಲಸ ಮುಗಿಯಿತು. ನನ್ನದರಲ್ಲಿ ಡ್ರೇನ್ ಪ್ಲಗ್ ಇರಲಿಲ್ಲ, ಪಂಪಿನಲ್ಲೇ ಎಳೆದೆ. ಎಣ್ಣೆ ಕಪ್ಪಗಿತ್ತು, ಆದರೆ ಚೂರು ಇಲ್ಲ, ನೀರೂ ಇಲ್ಲ. ಅಳತೆಯೂ ಹೆಚ್ಚುಕಮ್ಮಿ ಸರಿ ಇತ್ತು. ಸದ್ದು ಮಾತ್ರ ಹಾಗೇ ಇದೆ ಅಣ್ಣ.

ಬದಿಯಡ್ಕದಿಂದ:

ಒಳ್ಳೆಯ ಸುದ್ದಿ. ಅಂಥ ಎಣ್ಣೆ ಬಂದಿದೆ ಅಂದ್ರೆ ನನ್ನ ಅನುಮಾನ ಮೊದಲು ಡಿಫರೆನ್ಷಿಯಲ್ ಮೇಲೆ ಹೋಗುವುದಿಲ್ಲ. ಕ್ರೌನ್–ಪಿನಿಯನ್ ಸದ್ದು ಸಾಮಾನ್ಯವಾಗಿ ಆಕ್ಸಿಲರೇಟರ್ ಒತ್ತಿದಾಗ ಒಂಥರ, ಬಿಟ್ಟಾಗ ಇನ್ನೊಂಥರ ಕೇಳುತ್ತದೆ. ವೀಲ್ ಬೇರಿಂಗ್ ಸದ್ದಿಗೆ ಆಕ್ಸಿಲರೇಟರ್ ಲೆಕ್ಕವಿಲ್ಲ, ತಿರುವಿನಲ್ಲಿ ಬದಲಾಗುತ್ತದೆ. ಉದ್ದದ ಬಲ ತಿರುವಿನಲ್ಲಿ ಭಾರ ಎಡಕ್ಕೆ ಬೀಳುತ್ತದೆ. ಆಗ ಸದ್ದು ಏರಿದರೆ ಎಡಗಡೆಯ ಬೇರಿಂಗ್ ನೋಡಿ. ಎಡ ತಿರುವಿನಲ್ಲಿ ಏರಿದರೆ ಬಲಗಡೆಯದ್ದು. ಎರಡರಲ್ಲೂ ಬದಲಾಗದಿದ್ದರೆ ಟೈರಿನ ಮೇಲೆ ಅಂಗೈ ಹಿಂದಕ್ಕೂ ಮುಂದಕ್ಕೂ ಸವರಿ. ಗರಗಸದ ಹಲ್ಲಿನ ಹಾಗೆ ಒಂದು ಕಡೆಗೆ ತಡೆದರೆ ಟೈರ್ ಏರುಪೇರಾಗಿ ಸವೆದಿದೆ, ಗುಂಯ್ ಅನ್ನುವುದು ಅದೇ.

ಕುಂಬಳೆಯಿಂದ:

ಬಲ ತಿರುವಿನಲ್ಲಿ ಜೋರಾಗುತ್ತದೆ. ಎಡ ಹಿಂದಿನ ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ ನೋಡಿದೆ, ಒಳಗೆ ಗರಗರ ಅನ್ನುತ್ತದೆ. ಬೇರಿಂಗ್‌ಗೆ ಮಂಗಳೂರಿಗೆ ಹೇಳಿದ್ದೇನೆ.

ಬದಿಯಡ್ಕದಿಂದ:

ಹಾಗಾದರೆ ಅದೇ. ಬೇರಿಂಗ್ ಹಾಕಿಸುವಾಗ ಕಾರು ಹೇಗೂ ಲಿಫ್ಟ್ ಮೇಲೆ ಇರುತ್ತದೆ. ನೀವು ಬಿಗಿದ ಪ್ಲಗ್ ಸುತ್ತ, ಎರಡೂ ಕಡೆಯ ಆಕ್ಸಲ್ ಸೀಲ್ ಹತ್ತಿರ ಒಣಗಿದೆಯಾ ಅಂತ ಟಾರ್ಚ್ ಹಿಡಿದು ನೋಡಿಸಿ.