ಟೋಪಾಲಜಿ ಓದಿದವರಿಗೆ ಕರೆಂಟು, ಪರಿಸರದ ಕಡೆ ಕೆಲಸ ಇದೆಯಾ?

ಪಾವಗಡದ_ಹುಡುಗಿ:

ಎಲ್ಲರಿಗೂ ನಮಸ್ಕಾರ. ನಾನು ಗಣಿತ ಎಂ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದೇನೆ. ಊರು ಪಾವಗಡದ ಕಡೆ. ನಮ್ಮ ಆರು ಎಕರೆ ಸೋಲಾರ್ ಪಾರ್ಕಿಗೆ ಗುತ್ತಿಗೆಗೆ ಹೋಗಿದೆ. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಕಡ್ಲೆಕಾಯಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಕಣ್ಣು ಹಾಯಿಸಿದಷ್ಟೂ ನೀಲಿ ಪ್ಯಾನಲ್. ಪಾರ್ಕು ಒಟ್ಟು ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಹೊತ್ತು ಮುಳುಗಿದರೆ ಅಷ್ಟೂ ಮಲಗಿಬಿಡುತ್ತದೆ. ಆಮೇಲೆ ನಮ್ಮನೆ ಬಲ್ಬಿಗೆ ಬೇರೆಲ್ಲಿಂದಲೋ ಕರೆಂಟು ಬರಬೇಕು. ಅದು ಯಾವ ದಾರಿ ಹಿಡಿದು ಬರುತ್ತದೆ ಅನ್ನೋದು ಬಹಳ ದಿನದಿಂದ ನನ್ನ ತಲೆಯಲ್ಲಿ ಕೂತಿದೆ.

ಆದರೆ ನನಗೆ ಜಾಸ್ತಿ ಇಷ್ಟವಾದ ವಿಷಯ ಟೋಪಾಲಜಿ, ಅಂದರೆ ಎಳೆದರೂ ಬಗ್ಗಿಸಿದರೂ ಬದಲಾಗದ ಆಕಾರದ ಗುಣಗಳ ಗಣಿತ. ರಜೆಗೆ ಹೋದಾಗ ಏನು ಓದ್ತಿದ್ದೀಯ ಎಂದು ಅಪ್ಪ ಕೇಳಿದರು. ತಟ್ಟೆಯಲ್ಲಿದ್ದ ಉದ್ದಿನವಡೆ ಮತ್ತು ಕಾಫಿ ಕಪ್ಪು ತೋರಿಸಿದೆ. ಎರಡರಲ್ಲೂ ಒಂದೇ ತೂತು, ಹಾಗಾಗಿ ನಮ್ಮ ಲೆಕ್ಕದಲ್ಲಿ ಎರಡೂ ಒಂದೇ ಎಂದೆ. ಅಪ್ಪ ಕಪ್ಪಿನ ಹಿಡಿಯೊಳಗೆ ಬೆರಳು ತೂರಿಸಿ ನೋಡಿದರು. ಆಮೇಲೆ, "ಈ ತೂತು ಎಣಿಸಿದ್ರೆ ಯಾರಿಗೆ ಏನಾಗುತ್ತೆ?" ಎಂದು ಕೇಳಿದರು. ಬೈಯಲು ಕೇಳಿದ್ದಲ್ಲ, ತಿಳಿಯಲು ಕೇಳಿದ್ದು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಪಿಎಚ್‌ಡಿಗೆ ಅರ್ಜಿ ಹಾಕಬೇಕು. ಕರೆಂಟು, ಮಳೆ, ನೀರಿಗೆ ಸಂಬಂಧಪಟ್ಟ ಕೆಲಸ ಮಾಡಬೇಕು ಅಂದರೆ ಟೋಪಾಲಜಿ ಬಿಡಲೇಬೇಕಾ?

ಕಲನ_ಪ್ರಿಯ:

ಬಿಡಬೇಕಾಗಿಲ್ಲ, ಆದರೆ ಅದೊಂದೇ ಸಾಕಾಗುವುದಿಲ್ಲ. ಡಿಫರೆನ್ಷಿಯಲ್ ಈಕ್ವೇಷನ್ ಚೆನ್ನಾಗಿ ಕಲಿಯಿರಿ. ಪೈಥಾನ್‌ನಲ್ಲಿ ಕೋಡ್ ಬರೆಯಲು ಬರಬೇಕು. ಎಂಜಿನಿಯರುಗಳ ಜೊತೆ ಕೂತು ಮಾತಾಡಲು ಅವರ ಭಾಷೆಯೂ ಬೇಕು.

ಶಿಫ್ಟ್_ಡ್ಯೂಟಿ:

ನೋಡಮ್ಮ, ನಿಮ್ಮಪ್ಪನ ಪ್ರಶ್ನೆಗೆ ನಾನು ಉತ್ತರ ಹೇಳುತ್ತೇನೆ. 26 ವರ್ಷ ಗ್ರಿಡ್ ಕಂಟ್ರೋಲ್ ರೂಮಿನಲ್ಲಿ ಶಿಫ್ಟ್ ಮಾಡಿದವನು ನಾನು. ತೂತು ಎಣಿಸುವುದು ನಮ್ಮ ದಿನದ ಕೆಲಸ. ಲೈನ್‌ಗಳು ಸುತ್ತಿಕೊಂಡು ಹೊರಟ ಜಾಗಕ್ಕೇ ಬಂದು ಸೇರಿದರೆ ನಡುವೆ ಒಂದು ತೂತು, ನಾವು ಅದನ್ನು ಲೂಪ್ ಅನ್ನುತ್ತೇವೆ.

2012ರ ಜುಲೈ 30ರ ನಸುಕಿಗೆ ಉತ್ತರದ ಗ್ರಿಡ್ ಬಿತ್ತು. ಮಾರನೇ ದಿನ ಮಧ್ಯಾಹ್ನ ಉತ್ತರ, ಪೂರ್ವ, ಈಶಾನ್ಯ ಮೂರೂ ಬಿದ್ದವು. 60 ಕೋಟಿಗೂ ಜಾಸ್ತಿ ಜನಕ್ಕೆ ಕರೆಂಟಿಲ್ಲ. ಆ ದಿನ ನಾನು ಡ್ಯೂಟಿಯಲ್ಲಿದ್ದೆ. ನಮ್ಮ ದಕ್ಷಿಣದ ಗ್ರಿಡ್ ಬೀಳದೆ ನಿಂತೇ ಇತ್ತು. ಯಾಕೆ ಗೊತ್ತಾ? ಆಗ ಅವರಿಗೂ ನಮಗೂ ಮುಖ್ಯವಾಗಿ ಇದ್ದದ್ದು ಡಿಸಿ ಸಂಪರ್ಕ, ಒಡಿಶಾದ ತಾಲ್ಚೇರ್‌ನಿಂದ ಕೋಲಾರಕ್ಕೆ ಬರುವ ಲೈನ್ ತರಹದ್ದು. ಗ್ರಿಡ್‌ನೊಳಗೆ ಹರಿಯುವುದು ಎಸಿ, ಅಂದರೆ ಅಲೆಯಂತೆ ಏರಿಳಿಯುವ ಕರೆಂಟು; ಡಿಸಿ ಅಂದರೆ ಏರಿಳಿಯದೆ ಒಂದೇ ದಿಕ್ಕಿಗೆ ಹರಿಯುವುದು. ಡಿಸಿಯಲ್ಲಿ ಕರೆಂಟು ದಾಟುತ್ತದೆ, ಅಲೆಯ ತಾಳ ದಾಟುವುದಿಲ್ಲ. ಆ ಕಡೆ ತಾಳ ತಪ್ಪಿದರೂ ಈ ಕಡೆಗೆ ಅಂಟುವುದಿಲ್ಲ. ನಿಮ್ಮ ಲೆಕ್ಕದಲ್ಲಿ ದಕ್ಷಿಣ ಒಂದು ತುಂಡು, ಅವರದು ಇನ್ನೊಂದು.

2013ರ ಡಿಸೆಂಬರ್ 31ಕ್ಕೆ ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಎಸಿ ಲೈನ್ ಚಾಲೂ ಆಯಿತು. ಎರಡು ತುಂಡು ಒಂದಾದವು. ಒಂದೇ ಲೈನ್ ಇದ್ದಾಗ ಅಲ್ಲಿ ಲೂಪ್ ಇರಲಿಲ್ಲ. ಆಮೇಲೆ ಪಕ್ಕದಲ್ಲೇ ಎರಡನೇ ಲೈನ್ ಬಂತು, ಲೂಪೂ ಬಂತು. ಮೊದಲನೆಯದು ತುಂಡಿನ ಲೆಕ್ಕ ಬದಲಿಸಿತು, ಎರಡನೆಯದು ತೂತಿನ ಲೆಕ್ಕ ಬದಲಿಸಿತು. ಇದನ್ನು ಎಣಿಸುವ ದಾರಿ 1847ರಲ್ಲೇ ಜರ್ಮನಿಯ ಭೌತವಿಜ್ಞಾನಿ ಕಿರ್ಕಾಫ್ ಹೇಳಿದ್ದಾನೆ. ಗ್ರಿಡ್ ಒಂದೇ ತುಂಡಾಗಿದ್ದರೆ, ಲೈನ್‌ಗಳಿಂದ ಸ್ಟೇಷನ್‌ಗಳನ್ನು ಕಳೆದು ಒಂದು ಕೂಡಿಸಿ. ಐದು ಸ್ಟೇಷನ್, ಏಳು ಲೈನ್ ಅಂದರೆ ಮೂರು ಲೂಪ್. ನಿಮ್ಮ ಪುಸ್ತಕದಲ್ಲಿ ಇದೇ ಬೆಟ್ಟಿ ಸಂಖ್ಯೆ.

ಲೂಪ್ ಇದ್ದರೆ ಒಳ್ಳೆಯದೇ. ಒಂದು ಲೈನ್ ಟ್ರಿಪ್ ಆದರೆ ಇನ್ನೊಂದು ದಾರಿ ಸಿಗುತ್ತದೆ. ಆದರೆ ಯಾರ ಮನೆಗೂ ಸೇರದ ಕರೆಂಟು ಲೂಪ್‌ನಲ್ಲಿ ಸುಮ್ನೆ ಸುತ್ತುತ್ತಾ ಇರಲೂಬಹುದು. ಲೈನ್ ಬಿಸಿಯಾಗುತ್ತದೆ. ನಿಮ್ಮೂರಿನ ಬಿಸಿಲಿನ ಕರೆಂಟಿಗೆ ಸಿಗಬೇಕಾದ ಜಾಗವನ್ನು ಅದು ಹಿಡಿದುಕೊಳ್ಳುತ್ತದೆ. ಈ ಸುತ್ತುವಿಕೆಗೆ ಒಂದು ಪೂರ್ಣಾಂಕ ಇರುತ್ತದೆ, ವೈಂಡಿಂಗ್ ನಂಬರ್, ಅಂದರೆ ಎಷ್ಟು ಸುತ್ತು ಎಂಬ ಎಣಿಕೆ. ಆ ಕಾರಣಕ್ಕೇ ಸುತ್ತು ಒಮ್ಮೆ ಹುಟ್ಟಿದರೆ ಸುಲಭಕ್ಕೆ ಬಿಡುವುದಿಲ್ಲ ಎಂದು 2016ರಲ್ಲಿ ಸ್ವಿಟ್ಜರ್ಲೆಂಡಿನ ಸಂಶೋಧಕರು ಬರೆದಿದ್ದಾರೆ. ಇಂಥ ಕೆಲಸಕ್ಕೆ ನಿಮ್ಮಂಥವರೇ ಬೇಕು.

ಪಾವಗಡದ_ಹುಡುಗಿ:

ಸರ್, ಓದಿ ಮೈ ಜುಮ್ಮೆಂದಿತು. ಆದರೆ ಪೂರ್ಣಾಂಕ ಹೇಗೆ? ಲೋಡು ಕ್ಷಣಕ್ಷಣಕ್ಕೂ ಏರಿಳಿಯುತ್ತೆ ಅಲ್ವಾ?

ಶಿಫ್ಟ್_ಡ್ಯೂಟಿ:

ಒಂದು ಕಂಬಕ್ಕೆ ದಾರ ಸುತ್ತಿ, ಎರಡು ತುದಿ ಸೇರಿಸಿ ಗಂಟು ಹಾಕಿ. ಈಗ ದಾರವನ್ನು ಎಲ್ಲಿ ಬೇಕಾದರೂ ಎಳೆಯಿರಿ, ಜಾರಿಸಿ, ಸಡಿಲ ಮಾಡಿ. ಸುತ್ತು ಒಂದಿದ್ದದ್ದು ಒಂದೇ. ಒಂದೂಕಾಲು ಆಗಲ್ಲ, ಮುಕ್ಕಾಲು ಆಗಲ್ಲ. ಬದಲಾಗಬೇಕಾದರೆ ದಾರ ಕತ್ತರಿಸಬೇಕು.

ಗ್ರಿಡ್‌ನಲ್ಲೂ ಹಾಗೇ. ನಮ್ಮ ಅಲೆ ಸೆಕೆಂಡಿಗೆ 50 ಸಲ ಬಡಿಯುತ್ತದೆ. ಒಂದು ಸ್ಟೇಷನ್ ಮುಂದಿದ್ದರೆ ಪಕ್ಕದ್ದು ಚೂರು ಹಿಂದೆ. ಆ ಅಂತರವೇ ಫೇಸ್ ಆ್ಯಂಗಲ್. ಲೂಪ್ ಉದ್ದಕ್ಕೂ ಈ ಅಂತರಗಳನ್ನು ಕೂಡಿಸುತ್ತಾ ಹೊರಟ ಜಾಗಕ್ಕೇ ಬಂದರೆ ಮೊತ್ತ 0 ಆಗಿರಬೇಕು, ಇಲ್ಲವೇ 360, 720 ಡಿಗ್ರಿ. ನಡುವೆ ಇನ್ನೇನೂ ಇರಲು ಸಾಧ್ಯವಿಲ್ಲ. ಲೋಡು ಏರಿಳಿದರೆ ಒಂದೊಂದು ಅಂತರ ಬದಲಾಗುತ್ತದೆ, ಮೊತ್ತ ಕದಲುವುದಿಲ್ಲ. ಲೈನ್ ಟ್ರಿಪ್ ಆದರೆ ಅಥವಾ ತಾಳ ತಪ್ಪಿದರೆ ಅದೇ ದಾರ ಕತ್ತರಿಸಿದ ಹಾಗೆ. ಟ್ರಿಪ್ ಆದ ಲೈನನ್ನು ಮತ್ತೆ ಸೇರಿಸುವಾಗ ಸುತ್ತು ಹುಟ್ಟಿಕೊಳ್ಳುವ ಅಪಾಯ ಇದೆ.

ಒಂದು ಲೆಕ್ಕ ಕೊಡುತ್ತೇನೆ. ಎಲ್ಲ ಲೈನೂ ಒಂದೇ ತರಹ ಇರುವ ಒಂದು ಲೂಪ್ ಅಂದುಕೊಳ್ಳಿ. ಒಂದೊಂದು ಲೈನಿನ ಅಂತರ 90 ಡಿಗ್ರಿಗಿಂತ ಕಡಿಮೆ ಇದ್ದರೆ ಮಾತ್ರ ಅದು ನಿಲ್ಲುತ್ತದೆ. 360ರ ಒಂದು ಸುತ್ತು ಬದುಕಬೇಕಾದರೆ ಎಷ್ಟು ಸ್ಟೇಷನ್ ಬೇಕು?

ಕಡಲ_ನಕ್ಷೆ:

ಮಳೆಯ ಕಡೆಯಿಂದ ನಾನೂ ಒಂದು ಮಾತು ಸೇರಿಸುತ್ತೇನೆ. ಪೆಸಿಫಿಕ್ ಸಾಗರದಲ್ಲಿ ಸಮಭಾಜಕದ ಗುಂಟ ಕೆಲ್ವಿನ್ ಅಲೆ ಅಂತ ಒಂದಿದೆ. ಪೂರ್ವಕ್ಕೆ ಮಾತ್ರ ಹೋಗುತ್ತದೆ. ಎಲ್ ನಿನೊ ಬೆಳೆಯುವಾಗ ಬಿಸಿನೀರು ಪೂರ್ವಕ್ಕೆ ಸರಿಯುವುದರಲ್ಲಿ ಅದರ ಪಾತ್ರ ದೊಡ್ಡದು. 2023ರ ಎಲ್ ನಿನೊ ವರ್ಷದಲ್ಲಿ ನಮ್ಮ ರಾಜ್ಯದ 200ಕ್ಕೂ ಹೆಚ್ಚು ತಾಲ್ಲೂಕು ಬರಪೀಡಿತ ಎಂದು ಘೋಷಣೆಯಾದದ್ದು ನೆನಪಿದೆಯಲ್ಲ.

ಈ ಅಲೆಯ ಗಣಿತ 1966ರಲ್ಲೇ ಜಪಾನಿನ ವಿಜ್ಞಾನಿ ಮಾತ್ಸುನೊ ಬರೆದಿದ್ದರು. 2017ರಲ್ಲಿ ಡೆಲ್‌ಪ್ಲಾಸ್, ಮಾರ್ಸ್ಟನ್, ವೆನಾಯ್ ಎಂಬ ಮೂವರು ಅದರೊಳಗೆ ಟೋಪಾಲಜಿ ಕಂಡರು. ಭೂಮಿ ತಿರುಗುವುದರಿಂದ ಬರುವ ತಳ್ಳುವಿಕೆ ಉತ್ತರದಲ್ಲಿ ಒಂದು ದಿಕ್ಕಿಗೆ, ದಕ್ಷಿಣದಲ್ಲಿ ಇನ್ನೊಂದು ದಿಕ್ಕಿಗೆ. ಸಮಭಾಜಕ ದಾಟುವಾಗ ಚರ್ನ್ ನಂಬರ್ ಎಂಬ ಪೂರ್ಣಾಂಕದಲ್ಲಿ (ಇದೂ ಒಂದು ಬಗೆಯ ಸುತ್ತಿನ ಎಣಿಕೆ) ಎರಡರ ವ್ಯತ್ಯಾಸ ಬರುತ್ತದೆ. ಅದಕ್ಕೆ ತಕ್ಕಂತೆ ಅಲ್ಲಿ ಸರಿಯಾಗಿ ಎರಡು ಅಲೆ, ಕೆಲ್ವಿನ್ ಮತ್ತು ಯಾನಾಯ್. ಸಾಗರದ ಮೇಲೆ ಗಾಳಿ ಬದಲಾದರೂ ಆ ಎರಡು ಎರಡೇ. ನಾನು ಇದನ್ನು ಮೊದಲು ಓದಿದ ರಾತ್ರಿ ನಿದ್ದೆ ಮಾಡಿರಲಿಲ್ಲ.

ಬೆಂಗಳೂರಿನಲ್ಲೇ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅರಬ್ಬಿ ಸಮುದ್ರದ ಉಪ್ಪುನೀರು ಬಂಗಾಳ ಕೊಲ್ಲಿಗೆ ನುಗ್ಗುವ ದಾರಿಯನ್ನು ಟೋಪಾಲಜಿಯ ವಿಧಾನದಿಂದ ಹಿಂಬಾಲಿಸಿದ್ದಾರೆ. ಗಣಕ ವಿಭಾಗದವರೂ ಸಾಗರ ವಿಭಾಗದವರೂ ಸೇರಿ ಮಾಡಿದ ಕೆಲಸ ಅದು. ಅರ್ಜಿ ಹಾಕುವ ಮೊದಲು ಅಲ್ಲಿಗೆ ಹೋಗಿ ಮಾತಾಡಿ ಬನ್ನಿ.

ಪಾವಗಡದ_ಹುಡುಗಿ:

ಸರ್, ಲೆಕ್ಕ ಮಾಡಿದೆ. ನಾಲ್ಕು ಸ್ಟೇಷನ್ ಆದರೆ ಒಂದೊಂದಕ್ಕೆ ಸರಿಯಾಗಿ 90 ಬರುತ್ತದೆ, ಹಾಗಾಗಿ ನಿಲ್ಲಲ್ಲ. ಐದು ಬೇಕು, ಆಗ 72. ಹನ್ನೆರಡು ಸ್ಟೇಷನ್ ಇದ್ದರೆ 30 ಡಿಗ್ರಿ. ಲೈನಿನಲ್ಲಿ ಹರಿಯುವ ಕರೆಂಟು ಈ ಅಂತರದ ಸೈನ್‌ಗೆ ತಕ್ಕಂತೆ ಇರುತ್ತದಲ್ಲ, 30ರ ಸೈನ್ ಅರ್ಧ. ಅಂದರೆ ಲೈನ್ ಹೊರಬಲ್ಲ ಗರಿಷ್ಠ ಕರೆಂಟಿನ ಅರ್ಧದಷ್ಟು ಯಾರಿಗೂ ಸೇರದೆ ಸುತ್ತುತ್ತಿರುತ್ತದೆ, ಸರಿನಾ?

ಅಪ್ಪನಿಗೆ ಫೋನ್ ಮಾಡಿ ಕಂಬ, ದಾರದ ವಿಷಯ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಮತ್ತೆ ನಾಲ್ಕಕ್ಕೆ ಯಾಕಾಗಲ್ಲ?" ಎಂದರು. ಶನಿವಾರ ಊರಿಗೆ ಹೋಗುತ್ತಿದ್ದೇನೆ. ಅಂಗಳದಲ್ಲಿ ಗೂಟ ನೆಟ್ಟು ತೋರಿಸಬೇಕು.